ಕಾಕಾನ ಕಿವಿಗೊಂದು ಸಿಂಫನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಧಾರವಾಡದವಳು, ಮತ್ತು ನನಗೆ ಸಂಗೀತ ತಿಳಿಯುವುದಿಲ್ಲ. ಈ ಎರಡು ಮಾತನ್ನು ಬೇರೆ ಬೇರೆಯಾಗಿ ಹೇಳಿದರೆ ಯಾರಿಗೂ ತೊಂದರೆಯಿಲ್ಲ. ಒಂದೇ ಉಸಿರಿನಲ್ಲಿ ಹೇಳಿದರೆ ಮಾತ್ರ ಎದುರಿಗಿದ್ದವರು ಒಂದು ಕ್ಷಣ ನನ್ನ ಮುಖ ನೋಡಿ, ಮಾತನ್ನು ಪೇಢೆಯ ಕಡೆಗೆ ತಿರುಗಿಸುತ್ತಾರೆ.

ಬೆಳೆದದ್ದಾದರೂ ಎಂಥ ಮನೆಯಲ್ಲಿ! ನನ್ನ ಕಾಕಾ ಶಿವಬಸಪ್ಪ, ಅಂದರೆ ನನ್ನ ಅಪ್ಪನ ತಮ್ಮ, ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದವರು. ಹಗಲೆಲ್ಲ ಅರಳೆಯ ಎಳೆ ಹಿಂಜಿ ನೋಡುವುದು, ಸಂಜೆ ಧಾರವಾಡಕ್ಕೆ ಮರಳಿ ಯಾವುದಾದರೊಂದು ಸಂಗೀತದ ಬೈಠಕ್ಕಿನ ಮುಂದಿನ ಸಾಲಿನಲ್ಲಿ ಕೂಡುವುದು, ಇಷ್ಟೇ ಅವರ ದಿನಚರಿ. ಚಿಕ್ಕವಳಿದ್ದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ನಾನು ಗವಾಯಿಗಳ ಕಡೆ ನೋಡುತ್ತಲೇ ಇರಲಿಲ್ಲ, ಕಾಕಾನ ತಲೆಯ ಕಡೆ ನೋಡುತ್ತಿದ್ದೆ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ತಟ್ಟನೆ ನಿಂತು, ಕೆಳಗಿಳಿದರೆ ‘ವಾಹ್’ ಅನ್ನಬೇಕೆಂದು ಕಂಡುಕೊಂಡಿದ್ದೆ. ಅಂದಾಗಲೆಲ್ಲ ಪಕ್ಕದವರು, “ಹುಡುಗಿ ಭಾರೀ ಶ್ಯಾಣ್ಯಾಕಿ ಅದಾಳ್ರಿ” ಅನ್ನುತ್ತಿದ್ದರು. ಒಮ್ಮೆ ಕಾಕಾ ಸೀನಲೆಂದು ತಲೆ ಎತ್ತಿ ಇಳಿಸಿದಾಗಲೂ ನಾನು ‘ವಾಹ್’ ಅಂದುಬಿಟ್ಟೆ. ಮರುವಾರದಿಂದ ನನ್ನನ್ನು ಮನೆಯಲ್ಲಿ ಬಿಟ್ಟು ಹೋಗತೊಡಗಿದರು.

ಹೀಗೆ ಸಂಗೀತದಿಂದ ಬಿಡುಗಡೆ ಪಡೆದ ನಾನು ಮುಂದೆ ಓದಿ, ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗ ಸೇರಿದೆ. ಯಂತ್ರದ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎತ್ತಿ ಬದಿಗಿಡಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದವರ ಸ್ವಭಾವ ಏನಾಗಬೇಕೋ ಅದೇ ಆಗಿದೆ. ಮದುವೆಯ ಊಟದಲ್ಲಿ ಹೋಳಿಗೆ ಬಡಿಸಿದರೆ ಮೊದಲು ಅದರ ಅಂಚಿನ ದಪ್ಪ ನೋಡುತ್ತೇನೆ. ಮದುವೆಯಾದ ಮೇಲೂ ನಾನು, ನನ್ನ ಗಂಡ ಕಾಕಾನ ಮನೆಯ ಮಹಡಿಯ ಮೇಲೆಯೇ ಇದ್ದೇವೆ. ಕೆಳಗೆ ಕಾಕಾ ಮತ್ತು ಅವರ ಹೆಂಡತಿ, ನನ್ನ ಕಾಕು. ದಿನಾ ಬೆಳಗ್ಗೆ ಕೆಳಗಿನ ಟೇಪಿನಿಂದ ಒಬ್ಬ ಗವಾಯಿಯ ಆಲಾಪ ಮೇಲೆ ಬರುತ್ತಿತ್ತು. ನನಗದು ಒಗ್ಗರಣೆಯ ವಾಸನೆಯ ಹಾಗೆ. ಬಂದಾಗ ಗಮನವಿಲ್ಲ, ಬರದಿದ್ದರೆ ಮನೆಯಲ್ಲೇನೋ ಸರಿಯಿಲ್ಲ ಅನ್ನಿಸುವಂಥದು.

ಅದು ಬರುವುದು ನಿಂತ ಕಥೆ ಹೀಗೆ.

ಎಪ್ಪತ್ತು ದಾಟಿದ ಮೇಲೆ ಕಾಕಾ ಈಗಿನ ಹಾಡುಗಾರರ ಬಗ್ಗೆ ತಕರಾರು ಶುರು ಮಾಡಿದರು. “ಬಾಯಿ ತಗದ ಹಾಡೂದಿಲ್ಲ ಇವರು. ತಮ್ಮಷ್ಟಕ್ಕ ತಾವ ಗುನುಗತಾರ” ಅನ್ನುವರು. ಸ್ವಲ್ಪ ದಿನ ಕಳೆದು ತಪ್ಪು ಮೈಕಿನವನ ಮೇಲೆ ಬಂತು. ಆಮೇಲೆ ಕಾಕುವಿನ ಮೇಲೆ. ಕಡೆಗೊಂದು ದಿನ ಕುಕ್ಕರು ಎಂಟು ಸೀಟಿ ಹಾಕಿ ಬೇಳೆ ತಳ ಹತ್ತಿದರೂ, ಅಡುಗೆಮನೆಯ ಬಾಗಿಲಲ್ಲೇ ಪೇಪರ್ ಓದುತ್ತ ಕುಳಿತಿದ್ದ ಕಾಕಾ ತಲೆ ಎತ್ತಲಿಲ್ಲ. ಸತ್ತೂರಿನ ದಾರಿಯಲ್ಲಿ ಕಿವಿ ಪರೀಕ್ಷೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿಯ ಹುಡುಗಿ ಕಾಕಾನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಪೀಪಿಯಂಥ ಸದ್ದುಗಳನ್ನು ಕೇಳಿಸಿ, ಹೊರಬಂದು ಒಂದು ನಕ್ಷೆ ತೋರಿಸಿದಳು. ಗೆರೆ ಎಡದಲ್ಲಿ ಸಮತಟ್ಟಾಗಿದ್ದು, ಬಲಕ್ಕೆ ಹೋಗುತ್ತ ಗುಡ್ಡ ಇಳಿದಂತೆ ಇಳಿದಿತ್ತು. “ತಗ್ಗಿನ ದನಿ ಛಲೋ ಕೇಳತಾವ್ರಿ. ಮ್ಯಾಲಿನವು ಹೋಗ್ಯಾವು” ಅಂದಳು.

ಕಿವಿಗೆ ಹಾಕುವ ಮಷೀನು ಬಂತು. ಮೊದಲ ದಿನ ಮನೆಯಲ್ಲಿ ಹಬ್ಬ. ಕಾಕಾನಿಗೆ ಚಪ್ಪಲಿಯ ಸದ್ದು ಕೇಳಿಸಿತು, ಪೇಪರಿನ ಹಾಳೆ ಮಗುಚುವ ಸದ್ದು ಕೇಳಿಸಿತು, ಹಿತ್ತಲ ನಲ್ಲಿ ತೊಟ್ಟಿಕ್ಕುವುದೂ ಕೇಳಿಸಿತು. ಕಾಕು ಮಾತ್ರ ನನ್ನನ್ನು ಬದಿಗೆ ಕರೆದು, “ಇಷ್ಟ ವರ್ಷ ಅಡಗಿಮನ್ಯಾಗ ನಿಂತು ಆರಾಮ ಗೊಣಗತಿದ್ದೆ. ಇನ್ನ ನಾ ಎಲ್ಲಿಗೆ ಹೋಗಲಿ ಶೈಲಾ?” ಅಂದರು.

ಅದೇ ಸಂಜೆ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಟೇಪಿನ ಮುಂದೆ ಕುಳಿತರು. ತಾವು ಮದುವೆಗಿಂತ ಮೊದಲಿನಿಂದ ಕೇಳುತ್ತ ಬಂದ ಒಂದು ಧ್ವನಿಮುದ್ರಣ ಹಾಕಿದರು. ಎರಡು ನಿಮಿಷವಾಗಿರಲಿಕ್ಕಿಲ್ಲ, ಬಂದ್ ಮಾಡಿ, “ಕ್ಯಾಸೆಟ್ ಕೆಟ್ಟೈತಿ” ಅಂದರು. ಇನ್ನೊಂದು ಹಾಕಿದರು. “ಇದೂ ಕೆಟ್ಟೈತಿ.” ಮೂರನೆಯದು ಸಿ.ಡಿ. ಅದನ್ನೂ ತೆಗೆದರು. ಆದರೆ ಈ ಸಲ ಕೆಟ್ಟಿದೆ ಅನ್ನಲಿಲ್ಲ. ಕ್ಯಾಸೆಟ್ಟುಗಳ ಕಪಾಟಿನ ಬಾಗಿಲು ಮುಚ್ಚಿ, ಅದರ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ನಿಂತರು.

ಮುಂದಿನ ಭೇಟಿಯಲ್ಲಿ ಕ್ಲಿನಿಕ್ಕಿನ ಹುಡುಗಿ ತಿಳಿಯ ಹೇಳಿದಳು. ಈ ಮಷೀನನ್ನು ಮಾತಿಗಾಗಿ ಮಾಡಿದ್ದಾರೆ. ಸಂಗೀತಕ್ಕೆ ಬೇರೆ ಹೊಂದಾಣಿಕೆ ಹಾಕಿಕೊಡಬಹುದು, ಆದರೆ ಹಳೆಯ ಕಿವಿ ಮರಳಿ ಬರುವುದಿಲ್ಲ. ಮಿದುಳು ಹೊಸ ಸದ್ದಿಗೆ ಒಗ್ಗಲು ತಿಂಗಳುಗಟ್ಟಲೆ ಬೇಕು. ದಿನಾ ಅರ್ಧ ತಾಸಾದರೂ ಏನಾದರೂ ಕೇಳುತ್ತಿರಬೇಕು. ಕಾಕಾ ಎಲ್ಲಕ್ಕೂ ತಲೆದೂಗಿದರು. ಮನೆಗೆ ಬಂದು ಏನನ್ನೂ ಕೇಳಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಬೈಠಕ್ಕಿಗೆ ಕರೆಯಲು ಬಂದವರಿಗೆ ಮೊಣಕಾಲು ನೋವು ಅಂದರು. ಮೊಣಕಾಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅರಳೆ ವ್ಯಾಪಾರದಲ್ಲಿ ಒಂದೂ ಸುಳ್ಳು ಹೇಳಿರದ ಮನುಷ್ಯ, ಸಂಗೀತದ ವಿಷಯಕ್ಕೆ ವಾರಕ್ಕೊಂದು ಸುಳ್ಳು ಹೇಳತೊಡಗಿದ್ದು ನೋಡಿ ಕಾಕುವಿಗೆ ಹೆದರಿಕೆಯಾಯಿತು. “ಊಟಾ ಮಾಡತಾರ, ನಿದ್ದಿ ಮಾಡತಾರ. ಆದ್ರ ಮನುಷ್ಯಾ ಮನ್ಯಾಗಿಲ್ಲ” ಅಂದರು ಒಂದು ದಿನ.

ಒಂದು ಭಾನುವಾರ ಅವಲಕ್ಕಿ ತಿನ್ನುತ್ತ ನಾನು ಧೈರ್ಯ ಮಾಡಿ ಕೇಳಿದೆ. “ಕಾಕಾ, ಯಾಕ ಕೇಳವಲ್ರಿ? ಕ್ಲಿನಿಕ್ಕಿನಾಕಿ ದಿನಾ ಕೇಳ್ರಿ ಅಂತ ಹೇಳ್ಯಾಳಲ್ಲ.”

ಕಾಕಾ ಚಮಚ ತಿರುವಿದರು. “ಹೆಂಗ ಹೇಳಲಿ? ಗುರುತಿನ ಮಂದಿ ಬಂದು ಬಾಗಿಲಾಗ ನಿಂತಾರ, ಮಾರಿ ಅವರದಲ್ಲ ಅಂದ್ರ ಹೆಂಗ ಆಗತೈತಿ? ಹಂಗ ಆಗತೈತಿ. ಎಲ್ಲಿ ದನಿ ಏರತೈತಿ, ಎಲ್ಲಿ ತಿರಗತೈತಿ, ನನಗ ಎಲ್ಲಾ ಬಾಯಿಪಾಠ ಐತಿ. ಅಲ್ಲಿ ಬಂದಕೂಡಲೆ ಇದು ಬಿರಕು ಬಿಟ್ಟ ಬರತೈತಿ.” ಆಮೇಲೆ ತಟ್ಟೆ ಕೆಳಗಿಟ್ಟು, ಯೋಚಿಸಿಯೇ ಇಟ್ಟಿದ್ದವರಂತೆ ಹೇಳಿದರು: “ನನಗ ಗೊತ್ತ ಇಲ್ಲದ್ದು ಏನರ ತಂದುಕೊಡು. ಹೆಂಗ ಇರಬೇಕಿತ್ತು ಅನ್ನೂದ ಗೊತ್ತಿರಬಾರದು. ಆ ವಿಲಾಯತಿ ಮಂದಿ ನೂರು ಜನಾ ಕೂಡಿ ಬಾರಸ್ತಾರಲ್ಲ, ಅದನ್ನ ತಾ.”

ಇದರ ತೂಕ ತಿಳಿಯಬೇಕಾದರೆ ನಿಮಗೊಂದು ಮಾತು ಗೊತ್ತಿರಬೇಕು. ಆ ಸಂಗೀತವನ್ನು ಕಾಕಾನಷ್ಟು ಹಗುರಾಗಿ ಕಂಡವರು ನಮ್ಮ ಓಣಿಯಲ್ಲಿಲ್ಲ. “ನೂರು ಮಂದಿ ಹಾಳಿ ನೋಡಿಕೋತ ಬಾರಸೂದು ಎಂಥಾ ಸಂಗೀತವಾ? ಆಫೀಸಿನ ಕೆಲಸ ಅದು” ಅನ್ನುತ್ತಿದ್ದರು. ಈಗ ಅದೇ ಬೇಕಂತೆ. ಪ್ರೀತಿಯಿಲ್ಲದ ಕಡೆ ನೋವೂ ಇರುವುದಿಲ್ಲ ಎಂಬ ಲೆಕ್ಕ. ನಾನು ಅವಲಕ್ಕಿಯ ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಮೇಲೆ ಹೋಗಿ ಫೋನು ಹಿಡಿದು ‘ಸಿಂಫನಿ’ ಎಂದು ಹುಡುಕಿದೆ. ಅರಳೆಯ ಮೂಟೆ ಬಿಚ್ಚಿದಂತಾಯಿತು. ಒಬ್ಬ ಪುಣ್ಯಾತ್ಮ ನೂರಕ್ಕೂ ಮೇಲೆ ಬರೆದಿದ್ದಾನೆ. ಇನ್ನೊಬ್ಬ ನಲವತ್ತೊಂದು. ಮತ್ತೊಬ್ಬ ಒಂಬತ್ತೇ ಬರೆದು ನಿಲ್ಲಿಸಿದ್ದಾನೆ. ತಪಾಸಣೆಯವರಿಗೆ ಸಣ್ಣ ರಾಶಿಯ ಮೇಲೆ ಒಲವು ಜಾಸ್ತಿ, ಹಾಗಾಗಿ ಒಂಬತ್ತರವನನ್ನು ಆರಿಸಿದೆ. ಅವನ ಹೆಸರು ಇಲ್ಲಿ ಬೇಡ. ನಾನು ಉಚ್ಚರಿಸಿದರೆ ಅವನ ಊರಿನವರಿಗೂ ಗುರುತು ಸಿಗಲಿಕ್ಕಿಲ್ಲ. ಒಂಬತ್ತರಲ್ಲಿ ಏಳನೆಯದು ಹೊಸಬರಿಗೆ ಒಳ್ಳೆಯದು ಎಂದು ಒಬ್ಬರು ಬರೆದಿದ್ದರು. ಕೆಳಗೆ ಇನ್ನೊಬ್ಬರು, ಹೊಸಬರು ಏಳನೆಯದನ್ನು ಮುಟ್ಟಲೇಬಾರದು ಎಂದಿದ್ದರು. ಮೊದಲನೆಯವರ ಮಾತಿನಲ್ಲಿ ಸಿಟ್ಟು ಕಡಿಮೆಯಿದ್ದುದರಿಂದ ಅವರನ್ನೇ ನಂಬಿದೆ.

ಕಷ್ಟ ಶುರುವಾದದ್ದು ಇಲ್ಲಿಂದ. ಈ ಏಳನೆಯದು ಒಂದೇ ಇಲ್ಲ! ಬರೆದ ಹಾಳೆ ಒಂದೇ, ಅದನ್ನು ಬಾರಿಸಿ ಮುದ್ರಿಸಿದವರು ಎಣಿಸಲಾರದಷ್ಟು. ಒಬ್ಬರು ಮೂವತ್ಮೂರು ನಿಮಿಷಕ್ಕೆ ಮುಗಿಸಿದ್ದಾರೆ, ಇನ್ನೊಬ್ಬರಿಗೆ ನಲವತ್ತೆರಡು ಹಿಡಿದಿದೆ. ಒಂದೇ ನಕ್ಷೆಯಿಂದ ಮಾಡಿದ ಎರಡು ಸಾಮಾನುಗಳಲ್ಲಿ ಒಂಬತ್ತು ನಿಮಿಷದ ಫರಕು! ನಮ್ಮ ಕಾರ್ಖಾನೆಯಲ್ಲಾದರೆ ಎರಡನ್ನೂ ಗುಜರಿಗೆ ಹಾಕಿ, ಮಾಡಿದವನನ್ನು ಕರೆಸುತ್ತಿದ್ದರು. ಯಾವುದು ಸರಿಯಾದ ಅಳತೆಯದು ಎಂದು ತಿಳಿಯಲು ಕೇಳುಗರ ಚರ್ಚೆಗಳನ್ನು ಓದಿದೆ. ಒಬ್ಬರು ಒಂದನ್ನು ಹೊಗಳಿದರೆ ಹತ್ತು ಜನ ಮೇಲೆ ಬೀಳುತ್ತಾರೆ. ಇವರಿಗೆ ಲಯವಿಲ್ಲ, ಅವರಿಗೆ ಗಾಂಭೀರ್ಯವಿಲ್ಲ, ಆ ಕಾಲದವರ ಹಾಗೆ ಈಗ ಯಾರು ಬಾರಿಸುತ್ತಾರೆ... ಎಲ್ಲೋ ಹಿಮದ ದೇಶದಲ್ಲಿ ಕುಳಿತು ಬರೆದದ್ದನ್ನು ನಾನು ನಮ್ಮ ಊರಿನ ದನಿಯಲ್ಲೇ ಓದಿಕೊಳ್ಳುತ್ತಿದ್ದೆ. ಬೈಠಕ್ ಮುಗಿದ ಮೇಲೆ ಕಾಕಾ ಮತ್ತವರ ಗೆಳೆಯರು ಚಹಾದ ಅಂಗಡಿಯ ಮುಂದೆ ನಿಂತು ಆಡುತ್ತಿದ್ದ ಜಗಳ ಇದೇ ಅಲ್ಲವೇ? ಅಂಗಿ ಬೇರೆ, ಅಷ್ಟೇ.

ಕಾಕಾನಿಗೂ ಒಂದು ಸಂಶಯವಿತ್ತು. ಫೋನಿನಲ್ಲಿ ಚಿತ್ರ ತೋರಿಸಿದಾಗ, “ಕಡ್ಡಿ ಹಿಡಕೊಂಡು ನಿಂತಾನಲ್ಲ, ಇವ ಏನ ಬಾರಸ್ತಾನ?” ಎಂದು ಕೇಳಿದರು.

“ಏನೂ ಇಲ್ರಿ. ಬಾರಸವರಿಗೆ ಹೇಳಿಕೊಡತಾನ.”

“ಮತ್ತ ಎಲ್ಲಾರಕಿಂತ ಅವನ ಹೆಸರ ಯಾಕ ದೊಡ್ಡದ ಬರದಾರ?”

ಕಾರ್ಖಾನೆಯಲ್ಲಿಯೂ ಹಾಗೇ ಇದೆ ಎಂದಷ್ಟೇ ಹೇಳಿದೆ.

ಒಂದು ವಾರ ಓದಿ ಓದಿ, ಒಂದನ್ನೂ ಆರಿಸಲಾಗದೆ ಸೋತು, ಕಾರ್ಖಾನೆಯ ಸ್ಟೋರ್ಸಿನ ಗೆಳತಿಗೆ ಹೇಳಿಕೊಂಡೆ. ಅವಳು ತಮ್ಮ ಚರ್ಚಿನಲ್ಲಿ ಹಾಡು ಕಲಿಸುವ ವಿನ್ಸೆಂಟ್ ಮಾಸ್ತರರನ್ನು ಕೇಳು ಅಂದಳು. ಹುಬ್ಬಳ್ಳಿಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಾಕಾನ ವಾರಿಗೆಯವರು. ಗೋಡೆಯ ತುಂಬ ಸಿ.ಡಿ.ಗಳು. ನಾನು ಚೀಲದಿಂದ ಕಾಗದ ತೆಗೆದು, ಯಾವುದಕ್ಕೆ ಎಷ್ಟು ನಿಮಿಷ, ಯಾರು ಎಷ್ಟು ಹೊಗಳಿದ್ದಾರೆ ಎಂದು ಗೆರೆ ಹಾಕಿ ಮಾಡಿದ್ದ ಪಟ್ಟಿಯನ್ನು ಮುಂದಿಟ್ಟೆ. “ಇವುಗಳೊಳಗ ಎಲ್ಲಾದಕ್ಕಿಂತ ಶ್ರೇಷ್ಠ ಯಾವುದ್ರಿ ಸರ್?”

ಮಾಸ್ತರರು ಪಟ್ಟಿಯನ್ನು ಗೌರವದಿಂದ ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು. “ಅದನ್ನ ಆಮ್ಯಾಲ ನೋಡೂಣ್ರಿ. ಯಾರು ಕೇಳವರು? ಅದನ್ನ ಮೊದಲ ಹೇಳ್ರಿ.”

ಹೇಳಿದೆ. ಕಾಕಾನ ಕಿವಿ, ಕ್ಲಿನಿಕ್ಕಿನ ನಕ್ಷೆ, ಮುಚ್ಚಿದ ಕಪಾಟು, ಮೊಣಕಾಲಿನ ಸುಳ್ಳು, ಎಲ್ಲವನ್ನೂ. ಮಾಸ್ತರರು ನಡುವೆ ಒಂದೇ ಪ್ರಶ್ನೆ ಕೇಳಿದರು. “ತಗ್ಗಿನ ದನಿ ಛಲೋ ಕೇಳತಾವ ಅಂದ್ರ್ಯಲ್ಲ, ಖರೇ ಏನ್ರಿ?” ಹೌದೆಂದೆ. ಎದ್ದು ಹೋಗಿ ಮೂರು ಸಿ.ಡಿ. ತೆಗೆದು ತಂದರು. ಮೂರೂ ಏಳನೆಯದೇ. ಒಂದು, ನನ್ನ ಪಟ್ಟಿಯಲ್ಲಿ ಎಲ್ಲರೂ ಹೊಗಳಿದ್ದು. ಇನ್ನೊಂದು ಬಹಳ ಹಳೆಯದು. ಮೂರನೆಯದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಯಾವುದೋ ಸಣ್ಣ ಊರಿನ ವಾದ್ಯವೃಂದ, ಜನರೆದುರು ಬಾರಿಸುವಾಗಲೇ ಮುದ್ರಿಸಿದ್ದು.

“ಮೊದಲನೇ ಸಲ ಕೇಳವರಿಗೆ ಶ್ರೇಷ್ಠ ಬೇಕಾಗಿಲ್ರಿ. ದಾರಿ ಕಾಣೂವಂಥಾದ್ದು ಬೇಕು” ಎಂದರು ಮಾಸ್ತರರು. “ಇದಕ್ಕ ನಾಲ್ಕು ಭಾಗ ಅದಾವು, ಎರಡನೇ ಭಾಗದಿಂದ ಹಚ್ಚರಿ. ಅದು ತಗ್ಗಿನ ದನಿಯಿಂದ ಏಳತೈತಿ. ಮತ್ತ, ಈ ಸಂಗೀತಾ ಬರದವಂಗೂ ಕಿವಿ ಕೇಳತಿದ್ದಿಲ್ಲ. ಆದ್ರ ಅದನ್ನ ಈಗ ಹೇಳಬ್ಯಾಡ್ರಿ. ಅನುಕಂಪಕ್ಕ ಆರಿಸಿ ತಂದದ್ದು ಅನಸಬಾರದು.”

ಮುಂದಿನ ಭಾನುವಾರ ಬೆಳಗ್ಗೆ ಕಾಕಾ ಆರಾಮ ಕುರ್ಚಿಯಲ್ಲಿ ಕುಳಿತರು. ಕಾಕು ಮೆಂತ್ಯೆಪಲ್ಲೆ ಸೋಸುತ್ತ ಹೊಸ್ತಿಲ ಮೇಲೆ ಕುಳಿತರು. ಮಾಸ್ತರರು ಅಷ್ಟು ಹೇಳಿಕೊಟ್ಟಿದ್ದರೂ, ನನ್ನ ಅಳತೆಯ ಬುದ್ಧಿ ಕೇಳಬೇಕಲ್ಲ. ಯಾವುದನ್ನಾದರೂ ಮೊದಲಿನಿಂದಲೇ ನೋಡಬೇಕು, ಒಳ್ಳೆಯದರಿಂದಲೇ ಶುರು ಮಾಡಬೇಕು ಎಂದು, ಎಲ್ಲರೂ ಹೊಗಳಿದ ಸಿ.ಡಿ.ಯ ಮೊದಲನೆಯ ಭಾಗ ಹಚ್ಚಿದೆ. ಕಾಕಾನ ಮುಖ ಹಿಂಡಿಕೊಂಡಿತು. ಪಿಟೀಲುಗಳು ಮೇಲೇರಿದಾಗ ಕೈ ಅಡ್ಡ ಮಾಡಿ, “ನಿಲ್ಲಸವಾ. ತಗಡಿನ ಮ್ಯಾಲ ಗೋಲಿ ಸುರುವಿದಂಗ ಆತು” ಅಂದರು. ಗಾಬರಿಯಿಂದ ಹಳೆಯದನ್ನು ಹಾಕಿದೆ. ಅದರ ಹಿಂದೆ ಸುಂಯ್ ಎಂಬ ಸದ್ದು ಒಂದೇ ಸಮನೆ ಇತ್ತು, ಮಷೀನು ಅದನ್ನೇ ಹಿಡಿದು ದೊಡ್ಡದು ಮಾಡಿತು. “ಯಾರರ ಬಜಿ ಕರ್ಯಾಕತ್ತಾರೇನ?” ಎಂದು ಕೇಳಿದರು ಕಾಕಾ. ಕಾಕು ನಕ್ಕರು. ಕಾಕಾ ನಗಲಿಲ್ಲ. ಅವರ ಕೈ ಕಿವಿಯ ಕಡೆ ಹೋಗುತ್ತಿತ್ತು, ಮಷೀನು ತೆಗೆದಿಡಲಿಕ್ಕೆ.

“ಇನ್ನೊಂದ ಐತ್ರಿ ಕಾಕಾ. ಇದೊಂದ ಕೇಳ್ರಿ” ಅಂದೆ. ನನ್ನ ದನಿ ನನಗೇ ಬೇಡುವವಳ ದನಿಯ ಹಾಗೆ ಕೇಳಿಸಿತು. ಮೂರನೆಯದನ್ನು ಹಾಕಿ, ಈ ಸಲ ಹೇಳಿದ ಮಾತು ಕೇಳಿ, ಎರಡನೆಯ ಭಾಗವನ್ನು ಹಚ್ಚಿದೆ.

ಮೊದಲು ಊದುವ ವಾದ್ಯಗಳೆಲ್ಲ ಸೇರಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟವು. ಆಮೇಲೆ ಕೆಳಗೆ, ಬಹಳ ಕೆಳಗೆ, ದಪ್ಪ ತಂತಿಗಳು ನಡೆಯತೊಡಗಿದವು. ಉದ್ದ, ಗಿಡ್ಡ, ಗಿಡ್ಡ, ಉದ್ದ, ಉದ್ದ. ಮತ್ತೆ ಅದೇ. ಮತ್ತೆ ಅದೇ. ಹಾಡು ಅನ್ನುವಂಥದ್ದೇನೂ ಇಲ್ಲ, ಹೆಜ್ಜೆಯಷ್ಟೇ. ಕಾಕಾನ ಕೈ ಕಿವಿಯ ಹತ್ತಿರವೇ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗಿಳಿಯಿತು. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ತಾಳ ಎಣಿಸುತ್ತ ಹೊರಟಿತು. ಅದನ್ನು ನಾನು ಎರಡು ತಿಂಗಳಿಂದ ನೋಡಿರಲಿಲ್ಲ.

ಅದೇ ಹೆಜ್ಜೆಯ ಮೇಲೆ ಇನ್ನೊಂದು ವಾದ್ಯದ ಸಾಲು ಬಂದು ಸೇರಿತು. ಅದರ ಮೇಲೆ ಮತ್ತೊಂದು. ಕಾಕಾ ಕಣ್ಣು ಮುಚ್ಚಿಯೇ, “ಎಳಿ ಮ್ಯಾಲ ಎಳಿ ಹಾಕಾಕತ್ತಾರ ನೋಡು” ಅಂದರು. ಅಷ್ಟರಲ್ಲಿ ಆ ಸಭೆಯಲ್ಲಿ ಯಾರೋ ಕೆಮ್ಮಿದರು. ಒಣ ಕೆಮ್ಮು, ತಡೆಯಲು ಹೋಗಿ ತಡೆಯಲಾಗದೆ ಹೊರಬಂದದ್ದು. ನಾನು ಬೆಚ್ಚಿದೆ. ಸಾಮಾನಿನ ಮೇಲೆ ಗೀರು ಕಂಡಂತೆ ನನಗೆ. ಕಾಕಾ ಕಣ್ಣು ತೆರೆದು ನನ್ನನ್ನು ನೋಡಿದರು. ಮುಖದ ತುಂಬ ಬೆಳಕು.

“ಕೆಮ್ಮಿದ! ಕೇಳಿತಿಲ್ಲ? ಖರೇ ಕೆಮ್ಮು ಅದು, ಕೆಮ್ಮಿನಂಗ ಕೇಳತು. ಮಂದಿ ಅದಾರ ಅಲ್ಲಿ!” ಅಂದರು. ಬೈಠಕ್ಕುಗಳಲ್ಲಿ ಕೆಮ್ಮುವವರನ್ನು ಜೀವಮಾನವಿಡೀ ಬೈದ ಮನುಷ್ಯ. ಇಷ್ಟು ದಿನ ಮಷೀನಿನ ಮೂಲಕ ಬಂದದ್ದರಲ್ಲಿ, ಇದು ಹೀಗೇ ಇರಬೇಕಿತ್ತು ಎಂದು ನಂಬಬಹುದಾದ ಸದ್ದು ಅದೊಂದೇ ಆಗಿತ್ತೋ ಏನೋ. ಆ ಭಾಗ ಮುಗಿದಾಗ ಇನ್ನೊಮ್ಮೆ ಹಾಕಿಸಿದರು. ಸೋಸಿದ ಮೆಂತ್ಯೆಯನ್ನು ಕಾಕು ಮತ್ತೆ ಸೋಸುತ್ತ ಕುಳಿತಿದ್ದರು. ಏಳಲು ಮನಸ್ಸಿರಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಅದು ಕೆಳಗಿನಿಂದ ಮಹಡಿಗೆ ಬರತೊಡಗಿತು. ಎಲ್ಲ ಸುಖವಾಯಿತು ಎಂದು ಹೇಳುವುದಿಲ್ಲ. ನಾಲ್ಕನೆಯ ಭಾಗ ಕಾಕಾನಿಗೆ ಇವತ್ತಿಗೂ ಗದ್ದಲ. ಕೊಳಲು ಯಾವುದು, ಪಿಟೀಲು ಯಾವುದು ಎಂದು ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಆದರೆ ತಿಳಿಯದಿದ್ದುದಕ್ಕೆ ದುಃಖವಿರಲಿಲ್ಲ. ಹೊಸಬ ಎಂಬ ಹೆಸರಿನಲ್ಲಿ ಅದೆಷ್ಟು ಸೌಕರ್ಯವಿದೆ! ತಪ್ಪು ಕಿವಿಯದೋ, ಮಷೀನಿನದೋ, ಬಾರಿಸಿದವರದೋ ಎಂದು ಯಾರೂ ಕೇಳುವುದಿಲ್ಲ. ತಿಂಗಳಾದ ಮೇಲೆ ಕಾಕಾ, “ಇದನ್ನ ಬ್ಯಾರೇದವರು ಹೆಂಗ ಬಾರಿಸ್ಯಾರ, ನೋಡೂಣು” ಎಂದು, ತಗಡು ಮತ್ತು ಗೋಲಿಯ ಸಿ.ಡಿ.ಯನ್ನು ತಾವಾಗಿಯೇ ಹಾಕಿದರು. ಎರಡನೆಯ ಭಾಗ ಅದರಲ್ಲಿ ದಡಬಡ ಓಡಿತು. ಆಗ ನನ್ನ ಬಾಯಿಂದ, “ಛೇ, ಇದು ಹಿಂಗಲ್ಲ” ಎಂಬ ಮಾತು ಬಂತು. ಕಾಕಾ ತಿರುಗಿ ನೋಡಿದರು. ನಾನೂ ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದೆ. ಲೋಕವೇ ಹೊಗಳಿದ್ದನ್ನು ಎತ್ತಿ ಬದಿಗಿಟ್ಟದ್ದು ಖರೇ ನಾನೇ, ಅದೂ ಕೈಯಲ್ಲಿ ಅಳತೆಗೋಲಿಲ್ಲದೆ.

ಬರೆದವನಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದನ್ನು ಆಗ ಹೇಳಿದೆ. ಕಾಕಾ ಕರಗಿಯಾರು ಎಂದುಕೊಂಡಿದ್ದೆ. ಅವರು ತಮ್ಮ ಮಷೀನನ್ನೊಮ್ಮೆ ಮುಟ್ಟಿಕೊಂಡು, “ಪುಣ್ಯಾವಂತ. ಅವನ ಕಾಲಕ್ಕ ಇದು ಇದ್ದಿದ್ದಿಲ್ಲ” ಅಂದರು.

ಸಿ.ಡಿ. ಹಿಂದಿರುಗಿಸಬೇಕಿತ್ತಲ್ಲ, ವಿನ್ಸೆಂಟ್ ಮಾಸ್ತರರೇ ಒಂದು ಶನಿವಾರ ಧಾರವಾಡಕ್ಕೆ ಬಂದರು. ಕಾಕು ಚುರುಮುರಿ ಕಲಸಿ ಗಿರಮಿಟ್ಟು ಮಾಡಿದರು. ಇಬ್ಬರು ಮುದುಕರೂ ಮೊದಲು ಬಹಳ ಮರ್ಯಾದೆಯಿಂದ ಮಾತಾಡಿದರು. ಎರಡನೆಯ ಭಾಗ ಎಷ್ಟು ನಿಧಾನ ಹೋಗಬೇಕು ಎಂಬಲ್ಲಿ ಮರ್ಯಾದೆ ಸ್ವಲ್ಪ ಸಡಿಲವಾಯಿತು. ಕಾಕಾನ ದನಿ ಏರಿತು, ಮಾಸ್ತರರು ಕುರ್ಚಿಯ ತುದಿಗೆ ಬಂದರು. ಕಾಕು ಬಾಗಿಲಲ್ಲಿ ನಿಂತು ಸಮಾಧಾನದಿಂದ ನೋಡುತ್ತಿದ್ದರು. ಮನೆಯಲ್ಲಿ ಜಗಳದ ಸದ್ದು ಅಷ್ಟು ಚೆಂದ ಕೇಳಿಸಿದ್ದು ಅದೇ ಮೊದಲು.

ಗಿರಮಿಟ್ಟು ಮುಗಿದ ಮೇಲೆ ಮಾಸ್ತರರ ಕಣ್ಣು ಕಪಾಟಿನ ಮೇಲೆ ಬಿತ್ತು. “ಶಿವಬಸಪ್ಪನವರ, ಒಂದ ಮಾತ ಹೇಳಲೇನ್ರಿ? ಹುಬ್ಬಳ್ಳ್ಯಾಗ ಹುಟ್ಟಿ, ಅಲ್ಲೇ ಮುದುಕ ಆದೆ. ನಿಮ್ಮ ಸಂಗೀತಾ ಒಮ್ಮೆರ ಕುಂತು ಪೂರಾ ಕೇಳಿಲ್ಲ. ಶುರು ಮಾಡಲಿಕ್ಕ ಅರ್ಧಾ ತಾಸು ತಗೋತಾರ ಅಂತ ನಕ್ಕು ಬಿಟ್ಟಬಿಟ್ಟಿದ್ದೆ. ನನ್ನಂಥಾ ಹೊಸಬಾ ಯಾವುದರಿಂದ ಚಾಲೂ ಮಾಡಬೇಕು? ನೀವ ಒಂದ ಆರಿಸಿ ಕೊಡ್ರಿ.”

ನಾನು ಕಾಕುವಿನ ಮುಖ ನೋಡಿದೆ, ಕಾಕು ನನ್ನ ಮುಖ ನೋಡಿದರು. ನಾಲ್ಕು ತಿಂಗಳಿಂದ ಆ ಬಾಗಿಲು ತೆರೆದಿರಲಿಲ್ಲ. ಹೊಸಬನಿಗಾಗಿ ಆರಿಸುವುದೆಂದರೆ ನೆನಪಿನಿಂದ ಆರಿಸಲಾಗುವುದಿಲ್ಲ, ಕೇಳಿಯೇ ಆರಿಸಬೇಕು. ಅದು ಮಾಸ್ತರರಿಗೆ ಗೊತ್ತಿದ್ದೇ ಕೇಳಿದರೋ, ಗೊತ್ತಿಲ್ಲದೆ ಕೇಳಿದರೋ, ನಾನು ಇನ್ನೂ ಅವರನ್ನು ಕೇಳಿಲ್ಲ.

“ಒಂದ ವಾರ ಟೈಮ್ ಕೊಡ್ರಿ” ಅಂದರು ಕಾಕಾ.

ಸೋಮವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ಕಪಾಟು ಖಾಲಿಯಾಗಿ, ನೆಲದ ತುಂಬ ಕ್ಯಾಸೆಟ್ಟು, ಸಿ.ಡಿ. ಹರಡಿದ್ದವು. ನಡುವೆ ಕಾಕಾ. ಒಂದನ್ನು ಹಾಕುವುದು, ಸ್ವಲ್ಪ ಕೇಳುವುದು, ತೆಗೆಯುವುದು. “ಇದು ಹೊಸಬರಿಗೆ ಭಾರ ಆಗತೈತಿ.” “ಇದರಾಗ ಹಾರ್ಮೋನಿಯಂ ಜಾಸ್ತಿ, ಮಾಸ್ತರ ಗಾಬರಿ ಆಗತಾರ.” “ಇದು ಛಲೋ ಐತಿ, ಆದ್ರ ಮಾತ ಪಂಜಾಬಿ, ತಿಳಿಯೂದಿಲ್ಲ.” ದನಿ ಬಿರುಕು ಬಿಟ್ಟಿದೆ ಎಂದು ಒಮ್ಮೆಯೂ ಅನ್ನಲಿಲ್ಲ. ಬಿಟ್ಟಿರಲಿಲ್ಲವೆಂದಲ್ಲ. ಕೆಲವು ಕಡೆ ಹಣೆ ಗಂಟಿಕ್ಕುವುದು ನನಗೆ ಕಾಣುತ್ತಿತ್ತು. ತಮಗಾಗಿ ಕೇಳಿದಾಗ ಕಳೆದುಹೋದದ್ದಷ್ಟೇ ಕೇಳಿಸುತ್ತಿತ್ತು. ಇನ್ನೊಬ್ಬರಿಗಾಗಿ ಕೇಳಲು ಕುಳಿತಾಗ, ಉಳಿದದ್ದು ಎಷ್ಟಿದೆ ಎಂದು ನೋಡಲೇಬೇಕಾಯಿತು.

ಆರು ದಿನಕ್ಕೆ ಒಂದನ್ನು ಆರಿಸಿದರು. ನಾನದನ್ನು ಪೆನ್‌ಡ್ರೈವಿಗೆ ಹಾಕಿ ಹುಬ್ಬಳ್ಳಿಗೆ ಮುಟ್ಟಿಸಿ ಬಂದೆ. ಎರಡು ದಿನ ಸುದ್ದಿಯಿಲ್ಲ. ಕಾಕಾ ಫಲಿತಾಂಶ ಕಾಯುವ ವಿದ್ಯಾರ್ಥಿಯ ಹಾಗೆ ಫೋನನ್ನು ಕುರ್ಚಿಯಿಂದ ಕುರ್ಚಿಗೆ ಒಯ್ಯುತ್ತಿದ್ದರು. ಮೂರನೆಯ ದಿನ, ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಮಾಸ್ತರರ ಕರೆ ಬಂತು. ಕಾಕಾ ಎಲ್ಲ ಕರೆಗಳನ್ನೂ ಸ್ಪೀಕರಿನಲ್ಲೇ ಕೇಳುವುದರಿಂದ ಮನೆಯವರೆಲ್ಲರಿಗೂ ಕೇಳಿಸಿತು.

“ಭಾಳ ಛಲೋ ಐತ್ರಿ. ಆದ್ರ ಒಂದ ತಿಳೀಲಿಲ್ಲ” ಅಂದರು ಮಾಸ್ತರರು. “ಹಿಂದ ತಂಬೂರಿ ಒಂದ ಸಮನ ನಡದಿರತೈತಲ್ರಿ, ಅದು ಯಾವಾಗ ಬದಲಾಗತೈತಿ ಅಂತ ಕಾಯ್ಕೋತ ಕುಂತೆ. ನಮ್ಮ ಸಂಗೀತದಾಗ ಆದ್ರ ಕೆಳಗಿನ ಸ್ವರ ನಡಕೋತ ಹೋಗಬೇಕು. ಇದು ನಲವತ್ತ ನಿಮಿಷ ಆದ್ರೂ ಕದಲವಲ್ದು!”

ಕಾಕಾ ನಕ್ಕರು. ಕುರ್ಚಿ ಅಲುಗುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

“ಅದು ಬದಲಾಗೂದಿಲ್ರಿ ಮಾಸ್ತರ. ಅದನ್ನ ನಂಬಿ ಉಳದದ್ದೆಲ್ಲಾ ಬದಲಾಗತೈತಿ. ಈಗೊಂದ ಕೆಲಸಾ ಮಾಡ್ರಿ. ಅಲ್ಲಿ ನೀವು ಇನ್ನೊಮ್ಮೆ ಹಚ್ಚರಿ, ಇಲ್ಲಿ ನಾನೂ ಹಚ್ಚತೇನಿ. ಕೂಡೇ ಕೇಳೂಣು.”